ಮಾತು ಕೇಳದ ಗುಂಡಿಗಳು



ಧರ್ಮಕೇಂದ್ರದ ಹಬ್ಬದ ಮಧ್ಯಾಹ್ನ ದೇವಾಲಯದ ಅಂಗಳದಲ್ಲಿ ಮಕ್ಕಳಿಗೆ ಆಟಗಳನ್ನು ಏರ್ಪಡಿಸುವುದು ನಮ್ಮಲ್ಲಿ ವಾಡಿಕೆ. ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವುದು. ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುವುದು. ಇಬ್ಬರ ಕಾಲುಗಳನ್ನು ಸೇರಿಸಿ ಕಟ್ಟಿ ಮೂರು ಕಾಲಿನಲ್ಲಿ ಓಡುವುದು. ಇವಕ್ಕೆ ನೆರೆಯುವಷ್ಟು ಜನ ನೂರು ಮೀಟರ್ ಓಟಕ್ಕೆ ನೆರೆಯುವುದಿಲ್ಲ. ಚೆನ್ನಾಗಿ ಓಡಬಲ್ಲ ಕಾಲುಗಳನ್ನು ಚೀಲದೊಳಗೆ ತುರುಕಿಕೊಂಡ ಮೇಲೆಯೇ ಅಲ್ಲಿ ನಗು, ಕೂಗು, ಚಪ್ಪಾಳೆ. ಹೀಗೇಕೆ ಎಂದು ನಾನು ಹಲವು ವರ್ಷ ಯೋಚಿಸಿಯೇ ಇರಲಿಲ್ಲ. ಯೋಚಿಸುವಂತೆ ಮಾಡಿದ್ದು ಒಬ್ಬ ಹುಡುಗನ ಕಂಪ್ಯೂಟರ್ ಆಟ.

ಒಂದು ಸಂಜೆ ಮನೆ ಭೇಟಿಗೆಂದು ಹೋದಾಗ ಆ ಮನೆಯ ತಾಯಿ ಬಾಗಿಲಲ್ಲೇ ದೂರು ಕೊಟ್ಟರು. "ಫಾದರ್, ಇವನಿಗೆ ನೀವಾದರೂ ಬುದ್ಧಿ ಹೇಳಿ. ದುಡ್ಡು ಕೊಟ್ಟು ಆಟ ತಗೊಂಡಿದ್ದಾನೆ. ಆಡೋವಾಗ ಅಳೋ ಹಾಗೆ ಆಗ್ತಾನೆ. ಆದರೂ ಬಿಡೋದಿಲ್ಲ." ಹುಡುಗ ಪಿಯುಸಿ ಓದುತ್ತಿದ್ದವನು, ಬಲಿಪೂಜೆಯಲ್ಲಿ ವಾಚನ ಓದುವವನು, ಕೆಟ್ಟವನೇನಲ್ಲ. ನಾನು ಹೋಗಿ ಅವನ ಪಕ್ಕದಲ್ಲಿ ಕುಳಿತೆ. ತೆರೆಯ ಮೇಲೆ ಒಬ್ಬ ಬೋಳುತಲೆಯ ಮನುಷ್ಯ. ಸೊಂಟದವರೆಗೆ ಒಂದು ದೊಡ್ಡ ಕಬ್ಬಿಣದ ಹಂಡೆಯೊಳಗೆ ಹೂತುಕೊಂಡಿದ್ದಾನೆ. ಕಾಲುಗಳು ಕಾಣುವುದಿಲ್ಲ. ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ. ಆ ಸುತ್ತಿಗೆಯನ್ನು ಬಂಡೆಗೆ ಸಿಕ್ಕಿಸಿ, ಮೈಯನ್ನೂ ಹಂಡೆಯನ್ನೂ ಎಳೆದುಕೊಂಡು ಅವನು ಬೆಟ್ಟ ಹತ್ತಬೇಕು. ಆಡುವವನಿಗೆ ಇರುವುದು ಮೌಸ್ ಒಂದೇ. ಅದನ್ನು ಆಡಿಸಿದಂತೆ ಸುತ್ತಿಗೆ ಆಡುತ್ತದೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಸುತ್ತಿಗೆ ಜಾರುತ್ತದೆ. ಹುಡುಗ ಬಹಳ ಎತ್ತರಕ್ಕೆ ಹೋಗಿದ್ದ. ನಾನು ನೋಡುತ್ತಿದ್ದಂತೆಯೇ ಸುತ್ತಿಗೆ ಜಾರಿತು. ಹಂಡೆ ಉರುಳಿತು, ಉರುಳಿತು, ಮೊದಲು ಹೊರಟ ಜಾಗಕ್ಕೇ ಬಂದು ನಿಂತಿತು. ಎರಡು ವಾರದ ಶ್ರಮ ಎಂದ. ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತ. ಆಮೇಲೆ ಮತ್ತೆ ಮೌಸ್ ಹಿಡಿದ.

"ಏನಪ್ಪಾ, ಇದರ ಕಂಟ್ರೋಲ್ ಕೆಟ್ಟಿದೆಯಾ?" ಎಂದು ಕೇಳಿದೆ.

"ಇಲ್ಲ ಫಾದರ್. ಬೇಕಂತಲೇ ಹೀಗೆ ಮಾಡಿದ್ದಾರೆ."

"ಸರಿಯಾಗಿ ಮಾಡಿದ್ದರೆ ಏನಾಗ್ತಿತ್ತು?"

ಅವನು ನನ್ನ ಕಡೆ ತಿರುಗಿಯೂ ನೋಡದೆ, "ಸರಿಯಾಗಿದ್ದರೆ ಯಾರು ಆಡ್ತಾರೆ?" ಎಂದ.

ಈ ಉತ್ತರ ನನ್ನನ್ನು ಕಾಡಿತು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವನಿಗೆ ಕಾಡಲು ಇನ್ನೂ ಒಂದು ಕಾರಣವಿತ್ತು. ಹಂಡೆಯಲ್ಲಿರುವ ಆ ಮನುಷ್ಯನ ಹೆಸರು ಡಯೋಜನಿಸ್. ಅಥೆನ್ಸಿನಲ್ಲಿ ಮಣ್ಣಿನ ದೊಡ್ಡ ಗುಡಾಣದಲ್ಲಿ ವಾಸವಾಗಿದ್ದನೆಂದು ಹೇಳಲಾಗುವ ಅದೇ ಗ್ರೀಕ್ ತತ್ವಜ್ಞಾನಿ! ಹುಡುಕಿ ನೋಡಿದಾಗ ತಿಳಿಯಿತು: 2017ರಲ್ಲಿ ಬಂದ ಈ ಆಟದ ಹೆಸರು 'ಗೆಟ್ಟಿಂಗ್ ಓವರ್ ಇಟ್'. ಮಾಡಿದವರು ಬೆನೆಟ್ ಫೋಡಿ ಎಂಬ ಆಸ್ಟ್ರೇಲಿಯಾದವರು. ಅವರು ತತ್ವಶಾಸ್ತ್ರದಲ್ಲಿಯೇ ಡಾಕ್ಟರೇಟ್ ಪಡೆದವರು, ಆಕ್ಸ್‌ಫರ್ಡಿನಲ್ಲಿ ನೀತಿಶಾಸ್ತ್ರದ ಸಂಶೋಧನೆ ಮಾಡಿದವರು, ಚಟ ಎಂದರೇನು ಎಂಬ ಬಗ್ಗೆ ವಿದ್ವತ್ ಲೇಖನಗಳನ್ನು ಬರೆದವರು. ಆಡುವವನು ಬಿದ್ದಾಗಲೆಲ್ಲ ಸೋಲಿನ ಬಗ್ಗೆ ಸಮಾಧಾನವಾಗಿ ಮಾತಾಡುವ ಧ್ವನಿಯೂ ಅವರದೇ. ಜಾಝುವೊ ಎಂಬ ಹೆಸರಿನ ತಯಾರಕರೊಬ್ಬರು 2002ರಲ್ಲಿ ಮಾಡಿದ ಇಂಥದೇ ಬೆಟ್ಟ ಹತ್ತುವ ಆಟಕ್ಕೆ ಗೌರವ ಸೂಚಿಸಲು ಇದನ್ನು ಮಾಡಿದೆ ಎಂದು ಫೋಡಿ ಹೇಳುತ್ತಾರೆ. ಆ ಹಳೆಯ ಆಟದ ಹೆಸರನ್ನು ಈ ಪುಟದಲ್ಲಿ ಅಚ್ಚು ಹಾಕಲು ನಮ್ಮ ಸಂಪಾದಕರು ಒಪ್ಪಲಾರರು; ಆಟದಲ್ಲೇನೋ ಸುತ್ತಿಗೆ ಹಿಡಿದ ಒಬ್ಬ ಮನುಷ್ಯ, ಅಷ್ಟೇ.

ಫೋಡಿಯವರು ಇದಕ್ಕೂ ಮೊದಲು, 2008ರಲ್ಲಿ, 'ಕ್ಯೂಡಬ್ಲ್ಯುಓಪಿ' ಎಂಬ ಆಟ ಮಾಡಿದ್ದರು. ಕೀಬೋರ್ಡಿನ ನಾಲ್ಕು ಅಕ್ಷರಗಳೇ ಅದರ ಹೆಸರು. ಒಲಿಂಪಿಕ್ಸಿನ ಓಟಗಾರನೊಬ್ಬನನ್ನು ನೂರು ಮೀಟರ್ ಓಡಿಸಬೇಕು. ಕ್ಯೂ ಮತ್ತು ಡಬ್ಲ್ಯು ಅವನ ಎರಡು ತೊಡೆಗಳು; ಓ ಮತ್ತು ಪಿ ಅವನ ಮೊಣಕಾಲ ಕೆಳಗಿನ ಮೀನಖಂಡಗಳು. 'ಓಡು' ಎನ್ನುವ ಗುಂಡಿ ಇಲ್ಲ! ತೊಡೆ ಎತ್ತಬೇಕಾದರೆ ನೀವೇ ಎತ್ತಬೇಕು, ಮೊಣಕಾಲು ಮಡಿಸಬೇಕಾದರೆ ನೀವೇ ಮಡಿಸಬೇಕು. ನಾನೂ ಪ್ರಯತ್ನಿಸಿದೆ. ಮೊದಲ ಸಲ ಗುಂಡಿ ಒತ್ತಿದ ಕೂಡಲೇ ಓಟಗಾರ ಬೆನ್ನು ಮೇಲಾಗಿ ಬಿದ್ದ. ಅರ್ಧ ಗಂಟೆಯಾದ ಮೇಲೆ ಒಂದು ಮೊಣಕಾಲನ್ನು ನೆಲಕ್ಕೆ ಉಜ್ಜಿಕೊಂಡು, ಇನ್ನೊಂದು ಕಾಲಿನಿಂದ ನೂಕಿಕೊಂಡು, ಏಳು ಮೀಟರ್ ಸಾಗಿಸಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಡುಗೆಯವರು ಬಂದು ಇಣುಕಿ ನೋಡಿ ಹೋದರು.

ನಗು ಮುಗಿದ ಮೇಲೆ ಸಂತ ಅಗಸ್ಟೀನರ ನೆನಪಾಯಿತು. ತಮ್ಮ 'ಕನ್ಫೆಷನ್ಸ್' ಗ್ರಂಥದ ಎಂಟನೆಯ ಭಾಗದಲ್ಲಿ ಅವರು ಒಂದು ವಿಚಿತ್ರವನ್ನು ಗುರುತಿಸುತ್ತಾರೆ. ಮನಸ್ಸು ದೇಹಕ್ಕೆ ಆಜ್ಞೆ ಮಾಡಿದರೆ ದೇಹ ತಕ್ಷಣ ಕೇಳುತ್ತದೆ. ಆಜ್ಞೆ ಯಾವುದು, ಅದರ ಪಾಲನೆ ಯಾವುದು ಎಂದು ಬೇರ್ಪಡಿಸಲಾಗದಷ್ಟು ಸುಲಭವಾಗಿ ಕೈ ಆಡುತ್ತದೆ. ಆದರೆ ಅದೇ ಮನಸ್ಸು ತನಗೆ ತಾನೇ ಆಜ್ಞೆ ಮಾಡಿಕೊಂಡರೆ ಅಲ್ಲಿ ಪ್ರತಿಭಟನೆ. ಒಳ್ಳೆಯದನ್ನು ಬಯಸಿದರೂ ಮಾಡಲಾಗದ ತಮ್ಮ ಪಾಡನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿಕೊಳ್ಳುವುದೂ ಇದನ್ನೇ. ಫೋಡಿಯವರ ಆಟ ಅಗಸ್ಟೀನರ ಮಾತಿನ ಮೊದಲ ಅರ್ಧವನ್ನು ತೆಗೆದುಹಾಕಿಬಿಡುತ್ತದೆ. ಇಲ್ಲಿ ಕಾಲೂ ಮಾತು ಕೇಳುವುದಿಲ್ಲ. ಆಗ, ನಾವು ಪ್ರತಿದಿನ ಹಾಸಿಗೆಯಿಂದ ಎದ್ದು ಬಚ್ಚಲಿಗೆ ನಡೆದುಹೋಗುವುದು ಎಂಥ ದೊಡ್ಡ ಸಂಗತಿ ಎಂಬುದು ಹೊಳೆಯುತ್ತದೆ. ವರ್ಷದ ಮಗುವಾಗಿದ್ದಾಗ ನಾವೆಲ್ಲರೂ ಇದೇ ಆಟ ಆಡಿದವರು; ಗೋಡೆ ಹಿಡಿದು, ಬಿದ್ದು, ಎದ್ದು, ಅಮ್ಮನ ಸೀರೆ ಸಿಕ್ಕಾಗ ಕೇಕೆ ಹಾಕಿದವರು. ಕಲಿತ ಮೇಲೆ ಮರೆತೆವು.

ಸಲೀಸಾಗಿ ಕೇಳುವ ಯಂತ್ರದಲ್ಲಿ ನಾವು ಇರುವುದೇ ಇಲ್ಲ. ಗುಂಡಿ ಒತ್ತಿದೊಡನೆ ಕೆಲಸ ಆಗಿಬಿಟ್ಟರೆ ಅದನ್ನು ಯಾರು ಮಾಡಿದರು? ಒತ್ತಿದವನೋ, ಯಂತ್ರವೋ? ಮಾತು ಕೇಳದ ಗುಂಡಿಯ ಮುಂದೆ ಕುಳಿತವನು ಮಾತ್ರ ಏಳು ಮೀಟರನ್ನು ತನ್ನದೆಂದು ಹೇಳಿಕೊಳ್ಳಬಲ್ಲ. ಆ ಹುಡುಗನ "ಸರಿಯಾಗಿದ್ದರೆ ಯಾರು ಆಡ್ತಾರೆ?" ಎಂಬ ಮಾತಿನ ತಿರುಳು ಇದು ಎಂದು ನನ್ನ ತಿಳಿವಳಿಕೆ. ಕೆನಡಾದಲ್ಲಿ ಬೋಧಿಸುತ್ತಿದ್ದ ಬರ್ನಾರ್ಡ್ ಸ್ಯೂಟ್ಸ್ ಎಂಬ ತತ್ವಜ್ಞಾನಿ 1978ರಲ್ಲಿ 'ದಿ ಗ್ರಾಸ್‌ಹಾಪರ್' ಎಂಬ ಪುಸ್ತಕದಲ್ಲಿ ಆಟಕ್ಕೆ ಒಂದು ವ್ಯಾಖ್ಯೆ ಕೊಟ್ಟರು. ಗಾಲ್ಫ್ ಆಡುವವನ ಗುರಿ ಚೆಂಡು ಗುಳಿಗೆ ಬೀಳುವುದಾದರೆ, ನಡೆದುಹೋಗಿ ಕೈಯಿಂದ ಹಾಕಿ ಬರಬಹುದಲ್ಲ? ಹಾಕುವುದಿಲ್ಲ. ಉದ್ದ ಕೋಲಿನಿಂದ ದೂರದಿಂದ ಹೊಡೆಯುತ್ತಾನೆ. ಅಗತ್ಯವಿಲ್ಲದ ಅಡ್ಡಿಗಳನ್ನು, ಆ ಆಟ ಸಾಧ್ಯವಾಗಲೆಂದೇ, ಸ್ವಇಚ್ಛೆಯಿಂದ ಒಪ್ಪಿಕೊಂಡು ದಾಟಲು ಯತ್ನಿಸುವುದು ಆಟ ಎಂಬುದು ಅವರ ವಾದದ ಸಾರ. ನಮ್ಮ ಕುಂಟಾಬಿಲ್ಲೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕೇ? ಎರಡು ಕಾಲಿರುವ ಹುಡುಗಿ ಒಂದನ್ನು ಮಡಿಸಿಕೊಂಡು ಕುಂಟುತ್ತಾಳೆ. 'ಸ್ವಇಚ್ಛೆಯಿಂದ' ಎಂಬ ಆ ಒಂದು ಪದವನ್ನು ನಾನು ಓದಿದೆ, ತಲೆದೂಗಿದೆ, ದಾಟಿ ಮುಂದೆ ಹೋದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಎಲ್ಲ ಒರಟು ಕಂಟ್ರೋಲುಗಳೂ ನಗಿಸುವುದಕ್ಕೇ ಇರುವುದಿಲ್ಲ. 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 'ರೆಸಿಡೆಂಟ್ ಈವಿಲ್' ಎಂಬ ಆಟವನ್ನು ತಂದಿತು. ಸತ್ತವರು ಎದ್ದು ಓಡಾಡುವ ಒಂದು ಬಂಗಲೆಯಲ್ಲಿ ಸಿಕ್ಕಿಕೊಂಡವರ ಕಥೆ. ಅದರಲ್ಲಿ ಮೇಲ್ಮುಖದ ಗುಂಡಿ ಒತ್ತಿದರೆ ಪಾತ್ರ ತೆರೆಯ ಮೇಲಕ್ಕೆ ಹೋಗುವುದಿಲ್ಲ. ತಾನು ಯಾವ ಕಡೆ ಮುಖ ಮಾಡಿ ನಿಂತಿದೆಯೋ ಆ ಕಡೆಗೆ ಹೋಗುತ್ತದೆ. ಎಡ ಬಲ ಒತ್ತಿದರೆ ನಿಂತಲ್ಲೇ ನಿಧಾನವಾಗಿ ತಿರುಗುತ್ತದೆ, ಸೇನೆಯ ಟ್ಯಾಂಕಿನ ಹಾಗೆ. ಬಂದೂಕು ಗುರಿ ಹಿಡಿದರೆ ನಡೆಯುವಂತಿಲ್ಲ. ಇದಕ್ಕೆ ಕಾರಣವೂ ಇತ್ತು. ಒಂದೊಂದು ಕೋಣೆಯಲ್ಲೂ ಕ್ಯಾಮೆರಾ ಒಂದೊಂದು ಮೂಲೆಯಲ್ಲಿ ಸ್ಥಿರವಾಗಿರುತ್ತಿತ್ತು. ಕ್ಯಾಮೆರಾ ಬದಲಾದಾಗಲೂ 'ಮುಂದಕ್ಕೆ' ಎಂಬುದರ ಅರ್ಥ ಬದಲಾಗದಿರಲಿ ಎಂದು ಈ ಏರ್ಪಾಟು. ಆದರೆ ಅದರ ಫಲ ಮಾತ್ರ ಭಯ. ಕನಸಿನಲ್ಲಿ ಏನೋ ಅಟ್ಟಿಸಿಕೊಂಡು ಬರುವಾಗ ಓಡಲು ಹೋದರೆ ಕಾಲೇ ಬಾರದಿರುತ್ತದಲ್ಲ, ಆ ಭಯ. 2015ರಲ್ಲಿ ಈ ಆಟದ ಹೊಸ ರೂಪ ಬಂದಾಗ ಸಲೀಸಾದ ಕಂಟ್ರೋಲನ್ನೂ ಆಯ್ಕೆಯಾಗಿ ಕೊಟ್ಟರು. ಅದನ್ನು ಹಿಡಿದವನು ಹೆಣಗಳ ಪಕ್ಕದಲ್ಲೇ ಆರಾಮವಾಗಿ ಸುತ್ತಿ ಓಡಿಬಿಡಬಹುದು. ಭಯವೂ ಅಷ್ಟರಮಟ್ಟಿಗೆ ಕಡಿಮೆ.

2016ರ 'ದಿ ಲಾಸ್ಟ್ ಗಾರ್ಡಿಯನ್' ಎಂಬ ಇನ್ನೊಂದು ಜಪಾನಿ ಆಟ ನನಗೆ ಹೆಚ್ಚು ಇಷ್ಟವಾಯಿತು. ಫುಮಿಟೊ ಉಎಡಾ ಎಂಬುವರು ರೂಪಿಸಿದ್ದು. ಒಬ್ಬ ಪುಟ್ಟ ಹುಡುಗ. ಪಕ್ಷಿ, ನಾಯಿ, ಬೆಕ್ಕು ಎಲ್ಲವೂ ಸೇರಿದಂಥ ಒಂದು ದೈತ್ಯ ಪ್ರಾಣಿ, ಟ್ರೈಕೊ. ಹುಡುಗ 'ಆ ಕಡೆ ಹಾರು' ಎಂದರೆ ಅದು ಕೂಡಲೇ ಹಾರುವುದಿಲ್ಲ. ಎತ್ತಲೋ ನೋಡುತ್ತದೆ. ಮೈ ಕೆರೆದುಕೊಳ್ಳುತ್ತದೆ. ಕರೆದು ಕರೆದು ಸಾಕಾದ ಮೇಲೆ ತನಗೆ ತೋಚಿದಾಗ ಬರುತ್ತದೆ. ಹಲವರು ಇದನ್ನು ದೋಷವೆಂದು ಬೈದರು. ಆದರೆ ಕರೆದ ಕೂಡಲೇ ಬರುವುದು ಟಾರ್ಚಿನ ಬೆಳಕು. ಕರು ಹಾಗೆ ಬರುವುದಿಲ್ಲ. ಮನೆಯಲ್ಲಿ ಕರು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಿದ್ದನ್ನೆಲ್ಲ ತಕ್ಷಣ ಮಾಡುವುದು ನಮ್ಮ ಉಪಕರಣ. ತಡವಾಗಿ, ತನ್ನ ಮನಸ್ಸಿನಿಂದ ಬರುವುದು ಮಾತ್ರ ನಮ್ಮ ಜೊತೆಗಾರ. ದೇವರು ನಮ್ಮನ್ನು ಗುಂಡಿ ಒತ್ತಿದರೆ ಓಡುವ ಹಾಗೆ ಸೃಷ್ಟಿಸಲಿಲ್ಲವೇಕೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಟ್ರೈಕೊವನ್ನು ನೋಡಿದ ಮೇಲೆ ನನ್ನ ಉತ್ತರ ಸ್ವಲ್ಪ ಸುಧಾರಿಸಿದೆ ಎಂದುಕೊಂಡಿದ್ದೇನೆ.

ಹಾಗೆಂದು ಅವಸರದಲ್ಲಿ ಮಾಡಿ ಮಾರಿದ ಆಟಗಳ ಸೋಮಾರಿತನವನ್ನೆಲ್ಲ ಹೊಗಳಬೇಕಾಗಿಲ್ಲ. ಫೋಡಿಯವರ ಓಟಗಾರ ಬಿದ್ದರೆ ಬೀಳಿಸಿದವರು ನಾವೇ; ಕ್ಯೂ ಗುಂಡಿ ಎಂದೂ ತನ್ನ ತೊಡೆಯನ್ನು ಬಿಟ್ಟು ಇನ್ನೊಂದನ್ನು ಎಳೆದದ್ದಿಲ್ಲ. ನಿಷ್ಠುರ, ಆದರೆ ಮೋಸವಿಲ್ಲ. ಒಮ್ಮೆ ಕೇಳಿ ಒಮ್ಮೆ ಕೇಳದಿರುವ ಗುಂಡಿ ಬರೀ ಕಳಪೆ ಸಾಮಾನು, ಅಂಗಡಿಗೆ ಹಿಂದಿರುಗಿಸಬೇಕಾದದ್ದು.

ಇಷ್ಟೆಲ್ಲ ತಿಳಿದುಕೊಂಡ ಉತ್ಸಾಹದಲ್ಲಿ, ತಪಸ್ಸುಕಾಲದ ಒಂದು ಭಾನುವಾರ, ಬಲಿಪೂಜೆಯ ಪ್ರಬೋಧನೆಯಲ್ಲಿ ಈ ಹಂಡೆಯ ಮನುಷ್ಯನನ್ನು ತಂದೆ. ಜನ ಕಿವಿಗೊಟ್ಟು ಕೇಳಿದರು, ಹುಡುಗರು ನಕ್ಕರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಆಟ ಮಾಡಿದವನು ಬೇಕೆಂದೇ ಕಷ್ಟವಿಟ್ಟಂತೆ ದೇವರೂ ನಮ್ಮ ಬದುಕಿನಲ್ಲಿ ಕಷ್ಟವಿಡುತ್ತಾನೆ, ಗೆಲುವಿನ ರುಚಿ ನಮಗೆ ತಿಳಿಯಲಿ ಎಂದು, ಅಂದೆ. ಚೆನ್ನಾಗಿತ್ತು ಎಂದು ಹಲವರು ಹೇಳಿದರು.

ಪೂಜಾವಸ್ತ್ರ ಕಳಚುತ್ತಿದ್ದಾಗ ಒಬ್ಬ ಹೆಂಗಸು ಬಂದು ಬಾಗಿಲ ಬಳಿ ನಿಂತರು. ಅವರ ಯಜಮಾನರು ಬಡಗಿ. ನಮ್ಮ ದೇವಾಲಯದ ಬೆಂಚುಗಳಲ್ಲಿ ಅರ್ಧಕ್ಕೂ ಹೆಚ್ಚು ಅವರ ಕೈಯಿಂದ ಆದವು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಆಗ ಒಂದೂವರೆ ವರ್ಷವಾಗಿತ್ತು. ಆಕೆ ಸಿಟ್ಟಿನಿಂದ ಮಾತಾಡಲಿಲ್ಲ. "ಸ್ವಾಮಿ, ಆ ಹುಡುಗನಿಗೆ ಸಾಕಾದರೆ ಕಂಪ್ಯೂಟರ್ ಆಫ್ ಮಾಡಬೋದು. ನಮ್ಮ ಯಜಮಾನರು ಏನನ್ನ ಆಫ್ ಮಾಡಬೇಕು?" ಎಂದಷ್ಟೇ ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಸ್ಯೂಟ್ಸ್ ಅವರ ಪುಸ್ತಕದಲ್ಲಿ ನಾನು ದಾಟಿಹೋಗಿದ್ದ 'ಸ್ವಇಚ್ಛೆಯಿಂದ' ಎಂಬ ಪದ ಆ ಬಾಗಿಲಲ್ಲಿ ಬಂದು ನಿಂತಿತ್ತು. ಗೋಣಿಚೀಲದೊಳಗೆ ಕುಪ್ಪಳಿಸುವವನಿಗೆ ಹದಿನೈದು ಮೀಟರ್ ಆದ ಮೇಲೆ ಚೀಲ ಬಿಚ್ಚಿಡಬಹುದು ಎಂದು ಗೊತ್ತು. ಅದಕ್ಕೇ ಅವನು ನಗುತ್ತಾನೆ. ಬಿಚ್ಚಲಾಗದ ಚೀಲದಲ್ಲಿರುವವನನ್ನು ನೋಡಿ ಚಪ್ಪಾಳೆ ತಟ್ಟುವುದು ಕ್ರೌರ್ಯ. ಕಷ್ಟದಲ್ಲಿ ಸೊಗಸಿದೆ ಎಂದು ನಾನು ಹೇಳಿದ್ದು ತಪ್ಪಲ್ಲ. ಆದರೆ ಆ ಸೊಗಸು ಕಷ್ಟದೊಳಗೆ ಇರುವುದಲ್ಲ, ಅದನ್ನು ಆರಿಸಿಕೊಂಡ ಸ್ವಾತಂತ್ರ್ಯದೊಳಗೆ ಇರುವುದು. ಈ ವ್ಯತ್ಯಾಸವನ್ನು ಮಾಡದೆ ದೇವರ ಹೆಸರಿನಲ್ಲಿ ಮಾತಾಡಿದ್ದು ತಪ್ಪು. ಲಕ್ವವನ್ನು ದೇವರು ರೂಪಿಸಿದ ಮೋಜಿನ ಕಂಟ್ರೋಲು ಎನ್ನುವವನು ದೇವರನ್ನೂ ಅರಿಯ, ಲಕ್ವವನ್ನೂ ಅರಿಯ.

ಸಂತ ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಆ ಮಧ್ಯಾಹ್ನ ಮತ್ತೆ ತೆಗೆದು ಓದಿದೆ. ಪ್ರಾರ್ಥನಾಮಂದಿರದಲ್ಲಿ ಕೈ ಬತ್ತಿಹೋದವನೊಬ್ಬನಿದ್ದಾನೆ. ಸಬ್ಬತ್ ದಿನ. ಸುತ್ತಲೂ ಹೊಂಚು ಹಾಕುವವರು. ಬತ್ತಿದ ಕೈಯಿಂದ ನಿನ್ನ ಆತ್ಮಕ್ಕೆ ಒಳ್ಳೆಯ ತಾಲೀಮು ಆಗುತ್ತಿದೆ ಎಂದು ಯೇಸುಸ್ವಾಮಿ ಅವನಿಗೆ ಹೇಳುವುದಿಲ್ಲ. ನಡುವೆ ಬಂದು ನಿಲ್ಲಲು ಹೇಳುತ್ತಾರೆ, ಕಲ್ಲಾದ ಹೃದಯದವರನ್ನು ಕೋಪದಿಂದಲೂ ದುಃಖದಿಂದಲೂ ನೋಡುತ್ತಾರೆ, ಕೈ ಚಾಚಲು ಹೇಳುತ್ತಾರೆ. ಅದು ವಾಸಿಯಾಗುತ್ತದೆ. ಶಿಲುಬೆಯನ್ನು ಅವರು ತಾವಾಗಿಯೇ ಹೊತ್ತರು, ನಿಜ. ಇನ್ನೊಬ್ಬರ ಹೆಗಲ ಮೇಲೆ ಹೊರಿಸಿ ಅದರ ರುಚಿಯನ್ನು ವರ್ಣಿಸಲಿಲ್ಲ.

ಆಟದ ಲೋಕದಲ್ಲಿಯೂ ಈ ವಿವೇಕ ಇಲ್ಲದಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಕೈಕಾಲು ಸ್ವಾಧೀನದಲ್ಲಿಲ್ಲದವರಿಗಾಗಿ 'ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್' ಎಂಬ ಸಾಧನವನ್ನು ಹೊರತಂದಿತು. ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳು. ಪಾದಕ್ಕೆ, ಗದ್ದಕ್ಕೆ, ಯಾವ ಅಂಗ ಆಡುವುದೋ ಅದಕ್ಕೆ ಬೇರೆ ಗುಂಡಿಗಳನ್ನು ಜೋಡಿಸಿಕೊಳ್ಳಲು ಸಾಲು ತೂತುಗಳು. ಒಬ್ಬನಿಗೆ ಸಲೀಸಾದ ಗುಂಡಿ ಇನ್ನೊಬ್ಬನಿಗೆ ಬೆಟ್ಟ. ಆಟಕ್ಕೆ ಬೇಕಾದ ಕಷ್ಟ ಯಾವುದು, ಆಟದ ಬಾಗಿಲಲ್ಲೇ ತಡೆದು ನಿಲ್ಲಿಸುವ ಕಷ್ಟ ಯಾವುದು ಎಂದು ಯೋಚಿಸಿದವರು ಮಾಡಿದ ಕೆಲಸ ಇದು. ನಮ್ಮ ದೇವಾಲಯದ ಮುಂದಿನ ಒಂಬತ್ತು ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೆ ಇಳಿಜಾರು ದಾರಿ ಕಟ್ಟಿಸಲು ಪಾಲನಾ ಸಮಿತಿ ಎರಡು ವರ್ಷ ಚರ್ಚಿಸಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಇನ್ನು, ದೂರು ಕೊಟ್ಟ ಆ ತಾಯಿಗೆ ನಾನು ಹೇಳಬೇಕಿದ್ದ ಮಾತು. ಆಟವೇ ಪಾಪ ಎನ್ನುವವರಿಗೆ ಸಂತ ತೋಮಾಸ್ ಅಕ್ವಿನಾಸರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಶಿಷ್ಯರೊಡನೆ ಆಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿ, ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರಂತೆ. ಬಿಲ್ಲು ಮುರಿದೀತು ಎಂದನಂತೆ ಅವನು. ಮನಸ್ಸೂ ಹಾಗೆಯೇ ಎಂದು ತೋರಿಸಲು ತೋಮಾಸರು ಈ ಕಥೆಯನ್ನು ತಮ್ಮ ಮಹಾಗ್ರಂಥದಲ್ಲಿ ಬಳಸುತ್ತಾರೆ, ಮಿತಿಮೀರಿದ ಆಟವನ್ನು ತಪ್ಪೆಂದೂ ಅಲ್ಲಿಯೇ ಹೇಳುತ್ತಾರೆ. ಕಷ್ಟದ ಆಟವಾದರೆ ಚಟ ಹಿಡಿಯುವುದಿಲ್ಲ ಎಂದೂ ಅಲ್ಲ. ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಎಂಬುವರು ಮಾಡಿದ 'ಫ್ಲಾಪಿ ಬರ್ಡ್' ಎಂಬ ಪುಟ್ಟ ಆಟದಲ್ಲಿ ಹಕ್ಕಿಯೊಂದನ್ನು ಬೆರಳಿನಿಂದ ತಟ್ಟಿ ತಟ್ಟಿ ಕೊಳವೆಗಳ ನಡುವೆ ಹಾರಿಸಬೇಕಿತ್ತು. ಅದು ಬಲು ಮೊಂಡು ಹಕ್ಕಿ. ಜನ ಅದಕ್ಕೆ ಅಂಟಿಕೊಂಡ ಪರಿ ಕಂಡು, ಒಳ್ಳೆಯ ಸಂಪಾದನೆ ಬರುತ್ತಿದ್ದಾಗಲೇ, 2014ರ ಫೆಬ್ರವರಿಯಲ್ಲಿ ಅವರೇ ಅದನ್ನು ಮಾರುಕಟ್ಟೆಯಿಂದ ತೆಗೆದುಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯೂ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನು ಸೇರಿಸಿದೆ. ಆದ್ದರಿಂದ ಆ ತಾಯಿಗೆ ಹೇಳಿದೆ: "ಅವನು ಎಷ್ಟು ಸಲ ಬೀಳ್ತಾನೆ ಅಂತ ಲೆಕ್ಕ ಇಡಬೇಡಿಯಮ್ಮ. ಊಟಕ್ಕೆ ಕರೆದಾಗ ಎದ್ದು ಬರ್ತಾನಾ ನೋಡಿ. ಬರೋ ತನಕ ಅದು ಆಟ." ಬರುತ್ತಾನೆ, ಎರಡು ಸಲ ಕರೆದರೆ ಬರುತ್ತಾನೆ ಎಂದರು. ಟ್ರೈಕೊಗಿಂತ ವಾಸಿ.

ಬಡಗಿಯವರ ಮನೆಗೆ ಮೊದಲ ಶುಕ್ರವಾರಗಳಂದು ಪರಮಪ್ರಸಾದ ತೆಗೆದುಕೊಂಡು ಹೋಗುತ್ತೇನೆ. ಆ ಪ್ರಬೋಧನೆಯಾದ ಮುಂದಿನ ಶುಕ್ರವಾರ ಹೋದಾಗ ಅವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಕ್ಷಮೆ ಕೇಳಿದೆ. ಅವರಿಗೆ ಮಾತು ಸ್ಪಷ್ಟವಿಲ್ಲ. ಏನೋ ಹೇಳಿ ನಕ್ಕರು. ಪ್ರಾರ್ಥನೆ ಆರಂಭಿಸಿದೆ. ಶಿಲುಬೆಯ ಗುರುತು ಹಾಕಿಕೊಳ್ಳಲು ಅವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತತೊಡಗಿದರು. ಎಡಗೈಯಿಂದಲೇ ಹಾಕಿಕೊಂಡರೆ ಸಾಕಿತ್ತು. ನಾನು ಸಹಾಯಕ್ಕೆಂದು ಕೈ ಚಾಚಿದೆ. ಅವರ ಹೆಂಡತಿ ಕಣ್ಣಲ್ಲೇ ನನ್ನನ್ನು ತಡೆದರು. ಕೈ ಹಣೆಯನ್ನು ಮುಟ್ಟಿತು. ಎದೆಗೆ ಬಂತು. ಹೊರಗೆ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಎಡ ಭುಜವನ್ನು ಮುಟ್ಟಿ ಬಲಕ್ಕೆ ಬರುವಾಗ ಹಿಡಿತ ತಪ್ಪಿ ಕೈ ಮಡಿಲಿಗೆ ಬಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮಣಿಕಟ್ಟನ್ನು ಹಿಡಿದು ಮತ್ತೆ ಹಣೆಯಿಂದ ಶುರು ಮಾಡಿದರು.